ನಿದ್ದೆಗೆಟ್ಟ ಓಣಿಯಿಂದ ನೀರಿನ ಸಾಹೇಬರಿಗೆ

ನಮ್ಮ ಪಟ್ಟಣದ ಕುಡಿಯುವ ನೀರಿನ ಉಸ್ತುವಾರಿ ಹೊತ್ತ ಮಾನ್ಯ ಸಾಹೇಬರೇ,

ನೀವು ನೀರು ಕೊಡುತ್ತಿಲ್ಲ ಎಂದು ದೂರಲು ಈ ಪತ್ರ ಬರೆಯುತ್ತಿಲ್ಲ. ನೀರು ಕೊಡುತ್ತಿದ್ದೀರಿ. ಯಾವ ದಿನ, ಯಾವ ಹೊತ್ತಿಗೆ ಎಂದು ಮಾತ್ರ ಹೇಳದೆ ಕೊಡುತ್ತಿದ್ದೀರಿ. ಹಾಗೆ ಕೊಡುತ್ತಲೇ ಮೂರು ವರ್ಷಗಳಿಂದ ನಮ್ಮ ನಿದ್ದೆಯನ್ನು ಕಸಿದುಕೊಂಡಿದ್ದೀರಿ. ನಿದ್ದೆಯ ಬೆನ್ನು ಹತ್ತಿ ನನ್ನ ನೆನಪೂ ಹೋಯಿತು. ಅದು ಹೋದ ಒಂದು ಮುಂಜಾನೆ ನಾನೊಂದು ತಪ್ಪು ಮಾಡಿದೆ, ಒಬ್ಬ ಮಗಳಿಗೆ ತಾಯಿಯ ಮುಖವನ್ನು ಕೊನೆಯ ಸಲ ನೋಡುವುದು ತಪ್ಪಿಹೋಯಿತು. ಇದನ್ನು ಬರೆಯುವಾಗ ನನಗೆ ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಾಗಿದೆ. ಸಿಟ್ಟಿನಲ್ಲಿ ಅರ್ಧ ಪಾಲು ನಿಮ್ಮದು, ನಾಚಿಕೆ ಪೂರ್ತಿ ನನ್ನದು.

ಊರಿನ ಹೆಸರು ಬರೆಯುವುದಿಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿ, ಈ ಮೂರರಲ್ಲಿ ಒಂದು ಎಂದಷ್ಟೇ ತಿಳಿಯಿರಿ. ನನ್ನ ಮಾನ ತೆಗೆದುಕೊಳ್ಳಲು ನನಗೆ ಹಕ್ಕಿದೆ, ಊರಿನ ಮಾನ ತೆಗೆಯಲು ಇಲ್ಲ. ಆದರೆ ಓಣಿಯ ಜನರ ಹೆಸರುಗಳನ್ನು ಬದಲಿಸಿಲ್ಲ, ಏಕೆಂದರೆ ಈ ಪತ್ರ ಅವರಿಗೂ ಮುಟ್ಟಬೇಕಾದದ್ದು.

ನಾನು ಅರ್ಜಿ ಬರೆಯುವವನು. ತಾಲೂಕು ಕಚೇರಿಯ ಎದುರು ಬೇವಿನ ಮರದ ಕೆಳಗೆ ಒಂದು ಟೇಬಲ್ಲು, ಒಂದು ಕುರ್ಚಿ, ಬಂದವರಿಗೆ ಒಂದು ಸ್ಟೂಲು. ಪಹಣಿ ತಿದ್ದುಪಡಿ, ವಿಧವಾ ವೇತನ, ಪೋಡಿ, ವಾರಸಾ, ಮರಣಪತ್ರ, ಹೀಗೆ ಹತ್ತೊಂಬತ್ತು ವರ್ಷ ಪರರ ಕಷ್ಟಗಳನ್ನು ‘ಈ ಮೂಲಕ ವಿನಂತಿಸಿಕೊಳ್ಳುವುದೇನೆಂದರೆ’ ಎಂಬ ಸಾಲಿನಲ್ಲಿ ಕೂರಿಸುತ್ತ ಬಂದಿದ್ದೇನೆ. ಈ ಉದ್ಯೋಗಕ್ಕೆ ಬೇಕಾದದ್ದು ಅಕ್ಷರಕ್ಕಿಂತ ನೆನಪು. ಯಾರ ಹೊಲದ ಸರ್ವೆ ನಂಬರು ಯಾವುದು, ಯಾರ ಅಜ್ಜನ ಹೆಸರು ದಾಖಲೆಯಲ್ಲಿ ಹೇಗೆ ತಪ್ಪಾಗಿದೆ, ಎಲ್ಲ ನನ್ನ ತಲೆಯಲ್ಲಿತ್ತು. ಓಣಿಯಲ್ಲಿ ಯಾರಿಗೆ ಏನು ಮರೆತರೂ, “ಮಲ್ಲೇಶಣ್ಣನ್ನ ಕೇಳ್ರಿ, ಅವನ ತಲ್ಯಾಗ ಐತಿ” ಎನ್ನುತ್ತಿದ್ದರು. ಈ ಮಾತು ಕೇಳಿ ನಾನು ಸ್ವಲ್ಪ ಉಬ್ಬುತ್ತಿದ್ದೆ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಈಗ ನಿಮ್ಮ ನೀರಿನ ವಿಷಯ. ಎಂಟು ದಿನಕ್ಕೊಮ್ಮೆ ಎಂದು ನಿಮ್ಮ ಕಚೇರಿಯ ಫಲಕ ಹೇಳುತ್ತದೆ. ಆ ಫಲಕವನ್ನು ನೀರು ಓದಿದಂತಿಲ್ಲ. ಅದು ಆರನೇ ದಿನಕ್ಕೂ ಬರುತ್ತದೆ, ಹತ್ತನೇ ದಿನಕ್ಕೂ ಬರುತ್ತದೆ. ಬರುವುದು ಮಾತ್ರ ನಡುರಾತ್ರಿಯಿಂದ ನಸುಕಿನ ನಾಲ್ಕರ ನಡುವೆ, ಇರುವುದು ಮುಕ್ಕಾಲು ತಾಸು. ಅದು ತಪ್ಪಿದರೆ ಮುಂದಿನ ಎಂಟು ದಿನ ನೆರೆಹೊರೆಯವರ ಬಾಗಿಲಲ್ಲಿ ಕೊಡ ಹಿಡಿದು ನಿಲ್ಲಬೇಕು. ಹಾಗಾಗಿ ಐದನೇ ದಿನದಿಂದಲೇ ಓಣಿಯವರೆಲ್ಲ ನಳದ ಬಾಯಿ ತೆರೆದಿಟ್ಟು, ಅದರ ಕೆಳಗೊಂದು ಸ್ಟೀಲ್ ತಾಟು ಬೋರಲು ಹಾಕಿ ಮಲಗುತ್ತೇವೆ. ನೀರು ಬಿದ್ದು ತಾಟು ಸದ್ದು ಮಾಡಿದರೆ ಏಳಬೇಕು. ಆದರೆ ನೀರಿಗಿಂತ ಮೊದಲು ಗಾಳಿ ಬರುತ್ತದೆ, ಗಾಳಿಗಿಂತ ಮೊದಲು ಬೆಕ್ಕು ಬರುತ್ತದೆ, ಯಾವುದೂ ಬರದಿದ್ದರೂ ಬಂತೇನೋ ಎಂಬ ಭ್ರಮೆ ಬರುತ್ತದೆ. ಕಣ್ಣು ಮುಚ್ಚಿದರೂ ಕಿವಿ ನಳದ ಬುಡದಲ್ಲೇ ಇರುತ್ತದೆ. ಇದಕ್ಕೆ ನಿದ್ದೆ ಎನ್ನುತ್ತಾರೆಯೇ ಸಾಹೇಬರೇ? ನಿಮ್ಮ ಇಲಾಖೆಯ ಪರಿಭಾಷೆಯಲ್ಲಿ ಬೇರೆ ಹೆಸರಿದ್ದರೆ ತಿಳಿಸಿ, ಅರ್ಜಿಗಳಲ್ಲಿ ಬಳಸಿಕೊಳ್ಳುತ್ತೇನೆ.

ವಾಲ್ವ್ ತಿರುವುವ ಬಂದೇಸಾಬನನ್ನು ನಾವು ಬಹಳ ದಿನ ಬೈದೆವು. ಒಮ್ಮೆ ಅವನೇ ನನ್ನ ಸ್ಟೂಲಿನ ಮೇಲೆ ಬಂದು ಕೂತು, “ಅಣ್ಣಾರ, ಯಾ ವಾಲು ತಿರುವು ಅಂತ ನನಗ ಫೋನ್ ಬರೋದ ರಾತ್ರಿ ಹನ್ನೊಂದಕ್ಕ. ನನಗ ಗೊತ್ತಿಲ್ಲದ್ದು ನಿಮಗ ಹೆಂಗ ಹೇಳ್ಲಿ? ನಾ ಮಲಗಿ ಎಷ್ಟು ದಿನ ಆತು ನನ್ನ ಹೇಣ್ತಿನ ಕೇಳ್ರಿ” ಎಂದ. ಆಮೇಲೆ ಅವನನ್ನು ಬೈಯುವುದು ಬಿಟ್ಟೆವು.

ನಿದ್ದೆಗೆಟ್ಟ ಓಣಿ ಹೇಗಿರುತ್ತದೆ ಎಂದು ನಿಮಗೆ ಹೇಳುವವರು ಯಾರೂ ಇದ್ದಂತಿಲ್ಲ, ನಾನೇ ಹೇಳುತ್ತೇನೆ. ನನ್ನ ಹೆಂಡತಿ ಗಾಯತ್ರಿ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಒಂದು ದಿನ ಸಾರಿಗೆ ಎರಡು ಸಲ ಉಪ್ಪು ಹಾಕಿದಳು, ಇನ್ನೊಂದು ದಿನ ಹಾಕಲೇ ಇಲ್ಲ. ಮಕ್ಕಳು ಎರಡೂ ದಿನ ಸುಮ್ಮನೆ ಉಂಡವು ಎಂದು ಮನೆಗೆ ಬಂದು ಅತ್ತಳು. ಅದೇ ಶಾಲೆಯ ಮಾಸ್ತರರು ತರಗತಿಯಲ್ಲಿ ಯಾವ ಓಣಿಯ ಮಕ್ಕಳು ತೂಕಡಿಸುತ್ತಿದ್ದಾರೆ ಎಂದು ನೋಡಿಯೇ ನಿನ್ನೆ ಯಾವ ವಾಲ್ವ್ ತೆರೆದಿತ್ತು ಎಂದು ಹೇಳಬಲ್ಲರು. ನಾನಂತೂ ಕನ್ನಡಕ ಹಾಕಿಕೊಂಡೇ ಕನ್ನಡಕ ಹುಡುಕಿದ್ದೇನೆ, ಭಾನುವಾರ ಹೋಗಿ ತಾಲೂಕು ಕಚೇರಿಯ ಮುಂದೆ ಟೇಬಲ್ಲು ಹಾಕಿ ಕೂತಿದ್ದೇನೆ. ಶಾವಲಿ ಎಂಬ ಮುದುಕ ತನ್ನ ತಂದೆಯ ಮರಣಪತ್ರ ಕೇಳಿ ಬಂದಾಗ, ‘ಮೃತ ಶಾವಲಿ ಆದ ನಾನು ಈ ಮೂಲಕ ವಿನಂತಿಸಿಕೊಳ್ಳುವುದೇನೆಂದರೆ’ ಎಂದು ಬರೆದುಕೊಟ್ಟೆ. ಗುಮಾಸ್ತ ಅದನ್ನು ಎಲ್ಲರಿಗೂ ಓದಿ ನಗಿಸಿದನಂತೆ. ಶಾವಲಿ ವಾಪಸು ಬಂದು, “ಸತ್ತ ಮ್ಯಾಲೂ ಆಫೀಸು ತಿರಗೋದು ತಪ್ಪಲಿಲ್ಲ ನೋಡ್ರಿ” ಎಂದು ತಾನೇ ನಕ್ಕ. ನಾನೂ ನಕ್ಕೆ. ಅಂದೇ ಹೆದರಬೇಕಿತ್ತು.

ಹೆದರಿಕೆ ಬರಲು ಇನ್ನೂ ಎರಡು ತಿಂಗಳು ಹಿಡಿಯಿತು. ಮರೆವಿನ ರೋಗ ಅಂಟಿತೇನೋ ಎಂದು ಡಾಕ್ಟರ ಹತ್ತಿರ ಹೋದೆ. ಅವರು ನಾಲಿಗೆ, ಕಣ್ಣು, ನಾಡಿ ಎಲ್ಲ ನೋಡಿ, “ರಾತ್ರಿ ಎಷ್ಟು ತಾಸು ಮಲಗ್ತೀರಿ?” ಎಂದರು. ಹೇಳಿದೆ. ದಿನವಿಡೀ ಕಂಡದ್ದು ಕೇಳಿದ್ದು ತಲೆಯಲ್ಲಿ ನೆಲೆ ನಿಲ್ಲುವುದು ಒಳ್ಳೆಯ ನಿದ್ದೆಯಲ್ಲೇ, ನಿದ್ದೆ ಹರಿದುಹೋದರೆ ನೆನಪೂ ಹರಿದು ಹೋಗುತ್ತದೆ, ಮಾಡಬೇಕೆಂದುಕೊಂಡದ್ದನ್ನು ಮಾಡಿಬಿಟ್ಟೆ ಎಂದು ಮನಸ್ಸು ನಂಬುವುದೂ ಉಂಟು ಎಂದು ವಿವರಿಸಿದರು. ಔಷಧ ಬರೆಯಲಿಲ್ಲ. “ದಿನಾ ಒಂದೇ ಹೊತ್ತಿಗೆ ಮಲಗಿ ಏಳು ತಾಸು ನಿದ್ದಿ ಮಾಡ್ರಿ, ಸರಿಯಾಗ್ತೈತಿ” ಎಂದರು. ಆ ಮಾತು ಹಿಡಿದು ಯಾವ ಅಂಗಡಿಗೆ ಹೋಗಲಿ? ಆ ಔಷಧ ಇರುವುದು ನಿಮ್ಮ ಕಚೇರಿಯಲ್ಲಿ. ಹೋಗಿದ್ದೆ ಕೂಡ. ನೀವು ಕಾಗದದಿಂದ ತಲೆ ಎತ್ತದೆ, “ನೀರು ಬರ್ತೈತಿಲ್ಲ? ಬರಲಿಲ್ಲಂದ್ರ ಬಂದು ಹೇಳ್ರಿ” ಎಂದು ಕಳಿಸಿದಿರಿ. ನೆನಪಿದೆಯೇ? ನಿಮ್ಮ ನಿದ್ದೆ ಚೆನ್ನಾಗಿದ್ದರೆ ನೆನಪಿರಬೇಕು.

ಇನ್ನು ಹೇಳಲೇಬೇಕಾದದ್ದನ್ನು ಹೇಳುತ್ತೇನೆ. ನಮ್ಮ ಗೋಡೆಗೆ ಹತ್ತಿದ ಮನೆ ಗದ್ದೆಮ್ಮನದು. ಎಪ್ಪತ್ತು ದಾಟಿದ ಹೆಣ್ಣುಮಗಳು. ಮಗ ಭೀಮೇಶ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದಾನೆ, ಮಗಳು ತಿಮ್ಮವ್ವನನ್ನು ಪಾಮನಕಲ್ಲೂರಿಗೆ ಕೊಟ್ಟಿದ್ದಾರೆ. ಅಕ್ಕ ತಮ್ಮನಿಗೆ ಎರಡು ವರ್ಷದಿಂದ ಮಾತಿರಲಿಲ್ಲ. ಭೀಮೇಶನ ಮಗನನ್ನು ತೊಟ್ಟಿಲಿಗೆ ಹಾಕುವ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳಿ, ಹೆಂಗಸರಿಂದ ಬೆನ್ನಿಗೆ ಗುದ್ದಿಸಿಕೊಳ್ಳುವ ಗೌರವ ಸೋದರತ್ತೆಯಾದ ತಿಮ್ಮವ್ವನದು. ಅವಳ ಬಸ್ಸು ತಡವಾಯಿತೆಂದು ಭೀಮೇಶನ ನಾದಿನಿಯಿಂದ ಹೆಸರು ಹೇಳಿಸಿಬಿಟ್ಟರು. ತಿಮ್ಮವ್ವ ಬಂದವಳು ಕುಂಕುಮವನ್ನೂ ಹಚ್ಚಿಸಿಕೊಳ್ಳದೆ ಹಿಂದಿರುಗಿದಳು. ಆಮೇಲೆ ತಾಯಿಯನ್ನು ನೋಡಲು ಬಂದರೂ ಭೀಮೇಶ ಗಿರಣಿಗೆ ಹೋದ ಹೊತ್ತು ನೋಡಿಯೇ ಬರುತ್ತಿದ್ದಳು.

ಕಳೆದ ಹತ್ತಿ ಸುಗ್ಗಿಯಲ್ಲಿ ಒಂದು ಮುಂಜಾನೆ ಏಳೂಕಾಲಿಗೆ ಗದ್ದೆಮ್ಮ ತೀರಿಕೊಂಡಳು. ಅದು ನಿಮ್ಮ ನೀರಿನ ಒಂಬತ್ತನೇ ದಿನ. ನಾನು ನಾಲ್ಕು ರಾತ್ರಿ ತಾಟಿಗೆ ಕಿವಿ ಕೊಟ್ಟು ಮಲಗಿದ್ದೆ, ನಾಲ್ಕನೆಯ ನಸುಕಿನಲ್ಲಿ ನೀರು ತುಂಬಿ ಬೆನ್ನು ನೆಲಕ್ಕೆ ಹಚ್ಚಿದ್ದೆನಷ್ಟೆ. ಭೀಮೇಶ ಬಂದು ನನ್ನ ಕೈ ಹಿಡಿದು, “ಮಲ್ಲೇಶಣ್ಣ, ಅಕ್ಕಗ ನೀನ ಹೇಳು. ನಾ ಫೋನ್ ಹಚ್ಚಿದ್ರ ಎತ್ತಂಗಿಲ್ಲ ಆಕಿ” ಎಂದ. ಇಂಥ ಸುದ್ದಿ ಹೇಳುವುದಕ್ಕೆ ನಮ್ಮಲ್ಲಿ ಒಂದು ರೀತಿಯಿದೆ, ಈ ಕಡೆಯವರಾದರೆ ನಿಮಗೂ ಗೊತ್ತಿರುತ್ತದೆ. ಮಗಳಿಗೆ ‘ನಿಮ್ಮವ್ವ ಸತ್ತಳು’ ಎಂದು ಯಾರೂ ಹೇಳುವುದಿಲ್ಲ. ದಾರಿಯಲ್ಲಿ ಎದೆ ಒಡೆದುಕೊಂಡಾಳೆಂಬ ಅಂಜಿಕೆ. ‘ಅವ್ವಗ ಆರಾಮಿಲ್ಲ, ಹಂಗ ಹೊಂಟು ಬಾ’ ಎನ್ನುತ್ತೇವೆ. ಆರಾಮಿಲ್ಲ ಎಂದರೆ ಜಡ್ಡು. ‘ಹಂಗ ಹೊಂಟು ಬಾ’ ಎಂದರೆ ಉಟ್ಟ ಸೀರೆಯಲ್ಲೇ ಬಾ, ಒಲೆ ಮೇಲಿನದು ಒಲೆ ಮೇಲೆಯೇ ಇರಲಿ, ಮಣ್ಣಿಗೆ ಬಾ ಎಂದರ್ಥ. ಕೇಳಿದವಳು ಅಲ್ಲೇ ಕುಸಿದು ಅಳುತ್ತಾಳೆ, ಆದರೂ ಹೇಳಿದವನು ಸಾವಿನ ಹೆಸರೆತ್ತಿರುವುದಿಲ್ಲ. ಇಂಥ ಸುದ್ದಿಗಳನ್ನು ನಾನು ಕಡಿಮೆಯೆಂದರೂ ಮೂವತ್ತು ಮನೆಗಳಿಗೆ ಮುಟ್ಟಿಸಿದ್ದೇನೆ.

ತಿಮ್ಮವ್ವನಿಗೆ ಫೋನ್ ಮಾಡಿದೆ, ಹೇಳಿದೆ, ಬರುತ್ತೇನೆ ಎಂದಳು. ನನಗೆ ನೆನಪಿದ್ದದ್ದು ಇಷ್ಟು. ಹತ್ತು ಗಂಟೆಗೆ ಭೀಮೇಶ ಕೇಳಿದಾಗ, “ಹೊಂಟಾಳ, ಬಸ್ಸಿನ್ಯಾಗ ಅದಾಳ” ಎಂದೆ. ಅವಳು ಬಸ್ಸಿನ ಮಾತು ಆಡಿರಲೇ ಇಲ್ಲ. ಬಸ್ಸಿನಲ್ಲಿದ್ದೇನೆ ಎಂದು ನನಗೆ ಹೇಳಿದವರು ಹಿಂದಿನ ವಾರ ಅರ್ಜಿ ಬರೆಸಲು ಬಂದ ತುರ್ವಿಹಾಳದವರು. ಅವರ ಮಾತು ಇವಳ ಬಾಯಿಗೆ ಹೇಗೆ ಬಂತೋ, ನನ್ನ ತಲೆಗೇ ಗೊತ್ತು. ಹನ್ನೆರಡಕ್ಕೆ ಕೇಳಿದರು, ಎರಡಕ್ಕೆ ಕೇಳಿದರು, ಪ್ರತಿ ಸಲವೂ ಅದನ್ನೇ ಹೇಳಿದೆ, ಪ್ರತಿ ಸಲವೂ ನಾನೇ ನಂಬಿದೆ. ನಾನು ಅಷ್ಟು ಖಚಿತವಾಗಿ ಹೇಳುವಾಗ ಇನ್ನೊಂದು ಫೋನ್ ಮಾಡುವ ಗರಜು ಯಾರಿಗೂ ಕಾಣಲಿಲ್ಲ. ನಾಲ್ಕೂವರೆಗೆ ಓಣಿಯ ಹಿರಿಯ ಶರಣಬಸವಪ್ಪನವರು ಎದ್ದು, “ಆಕಿ ಸಿಟ್ಟಿನ್ಯಾಗ ಬರವಲ್ಲಳು. ಹೊತ್ತು ಮುಣುಗಾಕತ್ತೈತಿ, ಇನ್ನ ಇಟಗೋಬ್ಯಾಡ್ರಿ” ಎಂದರು. ಗದ್ದೆಮ್ಮನನ್ನು ಎತ್ತಿದರು. ಮಗಳ ಕೈಯ ಮಣ್ಣು ಬೀಳದೆ ಅವಳು ಮಣ್ಣಾದಳು.

ಮರುದಿನ ಮೊದಲ ಬಸ್ಸಿಗೆ ತಿಮ್ಮವ್ವ ಬಂದಳು. ಕೈಯಲ್ಲಿ ವೈರಿನ ಚೀಲ. ಅದರಲ್ಲಿ ಎರಡು ಬ್ರೆಡ್ಡು, ಗ್ಲೂಕೋಸ್ ಪೊಟ್ಟಣ, ಗಂಜಿಗೆಂದು ಒಡೆಸಿದ ಜೋಳದ ನುಚ್ಚು, ನಾಲ್ಕು ಮೋಸಂಬಿ. ಜಡ್ಡಿನ ತಾಯಿಯನ್ನು ನೋಡಲು ಬಂದಿದ್ದಳು. ಪಡಸಾಲೆಯಲ್ಲಿ ತಾಯಿ ಮಲಗುತ್ತಿದ್ದ ಜಾಗದಲ್ಲಿ ದೀಪ ಹಚ್ಚಿಟ್ಟದ್ದು ಕಂಡು ಹೊಸ್ತಿಲಲ್ಲೇ ನಿಂತಳು. ಭೀಮೇಶ ಒಳಗಿನಿಂದ, “ಈಗ ಬಂದೇನಕ್ಕ? ಯಾರನ್ನ ನೋಡಾಕ ಬಂದಿ?” ಎಂದ. ಅವಳು ತಿರುಗಿ ನನ್ನನ್ನು ನೋಡಿದಳು. ನಾನು ಓಣಿಯವರೆಲ್ಲರ ಎದುರು, “ನಾ ಹೇಳಿದ್ನೆಲ್ಲ ತಿಮ್ಮವ್ವ” ಎಂದೆ. ಅವಳು ಚೀಲವನ್ನು ಕಟ್ಟೆಯ ಮೇಲಿಟ್ಟು ಹೋದಳು. ಆ ಮೋಸಂಬಿಗಳನ್ನು ಯಾರೂ ಮುಟ್ಟಲಿಲ್ಲ.

ನನ್ನ ಫೋನಿನಲ್ಲಿ ಬಂದ ಹೋದ ಕರೆಗಳೆಲ್ಲ ತಾವೇ ರೆಕಾರ್ಡ್ ಆಗುತ್ತವೆ. ಜನ ಫೋನಿನಲ್ಲೇ ಸರ್ವೆ ನಂಬರು ಹೇಳುತ್ತಾರೆಂದು ನಾನೇ ಹಾಗೆ ಮಾಡಿಸಿಕೊಂಡದ್ದು. ಮೂರನೇ ದಿನ ಗಾಯತ್ರಿ, “ಒಮ್ಮಿ ಕೇಳಿ ನೋಡ್ರಿ, ಆಕಿ ಮಾರಿ ನೋಡಿದ್ರ ಸುಳ್ಳು ಹೇಳೋರಂಗ ಇರಲಿಲ್ಲ” ಎಂದಳು. ಹಾಕಿದೆ. ನಲವತ್ತೊಂದು ಸೆಕೆಂಡಿನ ಮಾತು. ಮೊದಲಿಗೇ ನನ್ನ ದನಿ, “ತಿಮ್ಮವ್ವ, ಅವ್ವಗ ಆರಾಮಿಲ್ಲ” ಎನ್ನುತ್ತದೆ. ಅವಳು, “ಏನಾಗೈತಣ್ಣ?” ಎನ್ನುತ್ತಾಳೆ. ಆಮೇಲೆ ಉದ್ದಕ್ಕೆ, ಬಾಯಿ ತೆರೆದು, ದನಿ ಎಳೆದು ನಾನೊಂದು ಆಕಳಿಕೆ ತೆಗೆಯುತ್ತೇನೆ. ಅಲ್ಲಿಗೇ ಬಂದ್ ಮಾಡಿದೆ. ಮುಂದಿನದು ಕೇಳುವ ಧೈರ್ಯ ಬರಲಿಲ್ಲ. ಯಾರಿಗೂ ಹೇಳಲಿಲ್ಲ. ಹನ್ನೊಂದನೇ ದಿನದ ಊಟಕ್ಕೆ ತಿಮ್ಮವ್ವನಿಗೆ ಹೇಳಿಕೆ ಹೋಗಲಿಲ್ಲ, ನನಗೆ ಬಂತು. ಹೋದೆ. ಪಂಕ್ತಿಯಲ್ಲಿ ಕೂತವರು ತಿಮ್ಮವ್ವನ ಕಲ್ಲು ಮನಸ್ಸಿನ ಮಾತಾಡಿದರು. ನಾನು ತಲೆ ತಗ್ಗಿಸಿ ಹೋಳಿಗೆ ತಿಂದೆ. ಸಾಹೇಬರೇ, ಫೋನಿನಲ್ಲಿ ಆದ ತಪ್ಪಿಗೆ ನಿದ್ದೆಯ ನೆವ ಹೇಳಬಹುದು. ಆ ಪಂಕ್ತಿಯಲ್ಲಿ ನಾನು ಪೂರ್ತಿ ಎಚ್ಚರವಿದ್ದೆ.

ತಿಂಗಳು ತುಂಬುವ ಮೊದಲು ಪಾಮನಕಲ್ಲೂರಿಗೆ ಹೋದೆ. ತಿಮ್ಮವ್ವ ಅಂಗಳದಲ್ಲಿ ಹತ್ತಿಯ ಕಸ ಆರಿಸುತ್ತಿದ್ದಳು. ಒಳಗೆ ಕರೆದು ಚಾಪೆ ಹಾಸಿದಳು, ಚೊಂಬಿನಲ್ಲಿ ನೀರು ತಂದುಕೊಟ್ಟಳು. ನಾನು ಬಂದ ಕಾರಣ ಹೇಳುವ ಮೊದಲೇ ಅವಳೇ ಹೇಳಿದಳು.

“ನೀ ಹಂಗ ಹೊಂಟು ಬಾ ಅನಲಿಲ್ಲಣ್ಣ. ಈಗ ಅಂತಾನ, ಈಗ ಅಂತಾನ ಅಂತ ನಾ ಉಸುರು ಹಿಡಕೊಂಡು ಕಾಯ್ದೆ. ನೀ ಆಕಳಿಸಿದಿ. ಸತ್ತ ಸುದ್ದಿ ಹೇಳೋರು ಆಕಳಸ್ತಾರೇನು ಅಂತ ನನ್ನ ಜೀವ ತಣ್ಣಗಾತು. ಮುಂಜಾನಿ ಏನರ ತಿಂದಾಳೇನು ಅಂತ ಕೇಳಿದೆ, ಹೂಂ ಅಂದಿ. ಹಂಗಾರ ಇವತ್ತು ಹತ್ತಿ ಬಿಡಸಾಕ ಮಾತು ಕೊಟ್ಟೀನಿ, ನಾಳಿಗೆ ಬರ್ಲೇನು ಅಂದೆ, ಅದಕ್ಕೂ ಹೂಂ ಅಂದಿ. ತಿನ್ನೋ ಮನಿಷ್ಯಾಳಿಗೆ ಏನಾಕ್ಕೈತಿ ಅಂತ ಫೋನ್ ಮನ್ಯಾಗ ಇಟ್ಟು ಹೊಲಕ್ಕ ಹೋದೆ.”

ಅವಳ ತಾಯಿ ಆಗ ನನ್ನಿಂದ ಹತ್ತು ಮಾರು ದೂರದಲ್ಲಿ ಹೆಣವಾಗಿ ಮಲಗಿದ್ದಳು. ತಿಂದಳೇ ಎಂದರೆ ನಾನು ಹೂಂ ಎಂದಿದ್ದೇನೆ. ಬಸ್ಸಿನಲ್ಲಿ ಹಿಂದಿರುಗುವಾಗ ಉಳಿದದ್ದನ್ನು ಕೇಳಿದೆ, ಅವಳು ಹೇಳಿದ್ದು ಅಕ್ಷರವೂ ತಪ್ಪಿರಲಿಲ್ಲ. ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಇಷ್ಟು ಸುಡುತ್ತಿರಲಿಲ್ಲ. ನಾನು ಎದ್ದು ಹೊರಟಾಗ ಒಂದೇ ಕೇಳಿದಳು: “ನಾ ಸಿಟ್ಟಿನ್ಯಾಗ ಬರದ ಉಳದಾಕಿ ಅಲ್ಲ ಅಂತ ನನ್ನ ತಮ್ಮಗ ಹೇಳು. ಅವನ ಕಿವ್ಯಾಗ ಅಷ್ಟ ಹೇಳಬ್ಯಾಡಣ್ಣ. ಮಣ್ಣಿಗೆ ಬಂದ ಮಂದಿ ಎಲ್ಲಾ ಕೇಳೋಹಂಗ ಹೇಳು.”

ಮಣ್ಣಿಗೆ ಬಂದವರು ನಾಲ್ಕು ಊರಿನವರು. ಅವರನ್ನೆಲ್ಲ ಒಂದು ಕಡೆ ಕೂಡಿಸಿ ಹೇಳುವ ಬಾಯಿ ನನಗಿಲ್ಲ, ಇರುವುದು ಬರೆಯುವ ಕೈ. ಆದ್ದರಿಂದ ನಿಮಗೆ ಬರೆಯುವ ಪತ್ರದಲ್ಲಿ ಅವರಿಗೂ ಹೇಳುತ್ತಿದ್ದೇನೆ. ತಿಮ್ಮವ್ವ ಬೇಕೆಂದು ಬಾರದವಳಲ್ಲ. ಅವಳಿಗೆ ಸುದ್ದಿಯೇ ಮುಟ್ಟಿರಲಿಲ್ಲ. ಮುಟ್ಟಿಸಬೇಕಾದವನು ಆಕಳಿಸಿ ಹೂಂಗುಟ್ಟಿ ಬಿಟ್ಟ, ಆಮೇಲೆ ಬಸ್ಸಿನ ಸುಳ್ಳು ಹೇಳಿದ, ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡು ಉಂಡ.

ಭೀಮೇಶನಿಗೆ ಮಾತ್ರ ಮೊದಲು ಮುಖತಃ ಹೇಳಿದೆ. ರೆಕಾರ್ಡ್ ಕೇಳಿಸಿದೆ. ಅವನು ಗೋಡೆಗೆ ಒರಗಿ ಕೇಳಿ, “ಇನ್ನೊಮ್ಮಿ ಹಾಕಣ್ಣ” ಎಂದ. ಹಾಕಿದೆ. ಅಕ್ಕನ ದನಿ, ಏನರ ತಿಂದಾಳೇನು ಎಂದು ಕೇಳುವಲ್ಲಿಗೆ ಬಂದಾಗ ಅವನ ಮುಖ ನೋಡ ಹೋಗಲಿಲ್ಲ. ಮುಗಿದ ಮೇಲೆ, “ನಾ ಹಚ್ಚಿದ್ರ ಎತ್ತಂಗಿಲ್ಲ ಅಂದ್ನೆಲ್ಲ, ನಾ ಹಚ್ಚಿನ ನೋಡಿರಲಿಲ್ಲ” ಎಂದ. ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಅಕ್ಕನ ಜೊತೆ ಮಾತು ಹಚ್ಚಿದನೋ ಇಲ್ಲವೋ ಕೇಳುವ ಯೋಗ್ಯತೆ ನನಗಿಲ್ಲ.

ಇದಕ್ಕೆಲ್ಲ ನೀರಿನ ಸಾಹೇಬ ಏನು ಮಾಡಬೇಕು ಎಂದು ನೀವು ಕೇಳಬಹುದು. ಆಕಳಿಸಿದವನು ನಾನು, ನೀವಲ್ಲ, ನಿಜ. ನನ್ನ ತಪ್ಪಿನ ಪಾಲು ಹೊರಿ ಎಂದು ಬೇಡುತ್ತಿಲ್ಲ. ಆದರೆ ಇಡೀ ಓಣಿಯನ್ನು ಮೂರು ವರ್ಷ ಎಚ್ಚರವಿಟ್ಟು, ಅದರಲ್ಲಿ ಯಾರು ಏನು ಮರೆತರು, ಯಾರ ಕೈ ಯಾವ ಯಂತ್ರಕ್ಕೆ ಸಿಕ್ಕಿತು, ಯಾವ ಮಗು ಪಾಠ ಕಲಿಯದೆ ಉಳಿಯಿತು ಎಂದು ಒಂದು ದಿನವಾದರೂ ನೀವು ವಿಚಾರಿಸಿದ್ದೀರಾ? ಹೆಚ್ಚು ನೀರು ಕೇಳುತ್ತಿಲ್ಲ. ಇರುವ ನೀರನ್ನೇ ಬೆಳಿಗ್ಗೆ ಆರರ ಮೇಲೆ ಬಿಡಿ. ಅದಾಗದಿದ್ದರೆ ಯಾವ ಓಣಿಗೆ ಯಾವ ದಿನ, ಎಷ್ಟು ಗಂಟೆಗೆ ಎಂದು ವಾರ ಮೊದಲೇ ಬರೆದು ಓಣಿಯ ಬಾಯಿಗೆ ಹಚ್ಚಿ, ಬಂದೇಸಾಬನ ಕೈಗೂ ಒಂದು ಕೊಡಿ. ಬರೆದ ಮಾತಿನಂತೆ ನಡೆಯಿರಿ. ಹೊತ್ತು ಹೇಳದೆ ಬರಲು ಸಾವೊಂದಿದ್ದರೆ ಸಾಕು, ನೀರಿಗೆ ಆ ಅಭ್ಯಾಸ ಬೇಡ.

ಇಷ್ಟನ್ನೂ ಮಾಡದೆ, ‘ಸದರಿ ಪ್ರದೇಶಕ್ಕೆ ನೀರು ಕ್ರಮಬದ್ಧವಾಗಿ ಸರಬರಾಜಾಗುತ್ತಿದ್ದು, ಯಾವುದೇ ತೊಂದರೆ ಇರುವುದಿಲ್ಲ’ ಎಂಬ ಎಂದಿನ ಉತ್ತರ ಬರೆಯುವುದಾದರೆ ನನಗೆ ಬರೆಯಬೇಡಿ. ಪಾಮನಕಲ್ಲೂರಿನ ತಿಮ್ಮವ್ವನಿಗೆ ಬರೆಯಿರಿ. ಅವಳಿಗೆ ಓದು ಬರುವುದಿಲ್ಲ, ಯಾರಾದರೂ ಎದುರು ಕೂತು ಓದಿ ಹೇಳಬೇಕಾಗುತ್ತದೆ. ನಾನು ಊರವರ ಕಾಗದಗಳನ್ನೆಲ್ಲ ಓದಿ ಹೇಳುವವನು. ಆ ಒಂದು ಸಾಲನ್ನು ಅವಳ ಮುಖ ನೋಡಿ ಓದಲು ನನ್ನಿಂದಾಗದು. ದಯವಿಟ್ಟು ತಾವೇ ಬಂದು ಓದಿ.

ಇಂತಿ,
ನಿಮ್ಮ ನೀರನ್ನು ಒಂದು ಸರದಿಯೂ ತಪ್ಪಿಸಿಕೊಳ್ಳದ,
ಹೇಳಲೇಬೇಕಾದ ಮೂರು ಪದ ತಪ್ಪಿಸಿದ
ಮಲ್ಲೇಶ, ಅರ್ಜಿ ಬರೆಯುವವನು